ಹಾರ್ಟ್ ಆಪರೇಷನ್ ನಂತರ ಮನೆಯಲ್ಲೇ ಶುಗರ್, ನಾಡಿ ನೋಡುವುದು ಹೇಗೆ?

ಬೈಪಾಸ್ ಆದವರ ಮನೆಗಳಲ್ಲಿ ಶುಗರ್ ಮೆಷಿನ್ ಇರುತ್ತದೆ, ನಾಡಿ ಹಿಡಿಯಲು ಮಾತ್ರ ಯಾರಿಗೂ ಬರುವುದಿಲ್ಲ. ಹಾರ್ಟ್ ಆಪರೇಷನ್ ಆದ 100 ಜನರಲ್ಲಿ 20ರಿಂದ 40 ಮಂದಿಗೆ ಬಡಿತದ ತಾಳ ತಪ್ಪುತ್ತದೆ. ಇದೇ ಏಟ್ರಿಯಲ್ ಫಿಬ್ರಿಲೇಷನ್. ಹೆಚ್ಚಾಗಿ ಎರಡು-ಮೂರನೇ ದಿನ ಶುರುವಾಗುತ್ತದೆ, ಕೆಲವರಿಗೆ ಮನೆಗೆ ಬಂದ ಮೇಲೆ.

ಮೊದಲು ಶುಗರ್. ಸೋಪಿನಲ್ಲಿ ಕೈ ತೊಳೆದು ಪೂರ್ತಿ ಒರೆಸಿ, ಬೆರಳಿನ ಪಕ್ಕಕ್ಕೆ ಚುಚ್ಚಿ. ಹಣ್ಣು ತಿಂದ ಕೈಯಲ್ಲೇ ನೋಡಿದರೆ ಸುಮ್ನೆ ಜಾಸ್ತಿ ತೋರಿಸುತ್ತದೆ. ಅವಧಿ ಮುಗಿದ ಸ್ಟ್ರಿಪ್ ಎಸೆಯಿರಿ.

ಈಗ ನಾಡಿ. ಎಲ್ಲರೂ ಎಡವುವುದು ಇಲ್ಲೇ. ಐದು ನಿಮಿಷ ಸುಮ್ಮನೆ ಕೂರಿಸಿ. ಅಂಗೈ ಮೇಲ್ಮುಖವಾಗಿ ಇಡಿಸಿ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳು ಇಡಿ. ನಿಮ್ಮ ಹೆಬ್ಬೆರಳು ಬೇಡ, ಅದರದ್ದೇ ಬಡಿತ ಸಿಗುತ್ತದೆ. ಹಗುರವಾಗಿ ಒತ್ತಿ, ಜೋರಾಗಿ ಒತ್ತಿದರೆ ನಾಡಿಯೇ ಮಾಯ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಅಡ್ಡದಾರಿ ಇಲ್ಲಿ ನಡೆಯದು, ಪೂರ್ತಿ ಒಂದು ನಿಮಿಷ ಎಣಿಸಿ. ಎಣಿಕೆಗಿಂತ ತಾಳ ಮುಖ್ಯ. ಎರಡು ಬಡಿತ ಬೇಗ, ಒಂದು ತಡ, ಮತ್ತೊಂದು ಸಿಗುವುದೇ ಇಲ್ಲ, ಹೀಗಿದ್ದರೆ ಬರೆದಿಟ್ಟು ಡಾಕ್ಟರಿಗೆ ಫೋನ್ ಮಾಡಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ತಾಳ ತಪ್ಪಿದಾಗ ತಪ್ಪು ಅಂಕಿ ತೋರಿಸಬಹುದು. ನಾನಂತೂ ಅದನ್ನು ನಂಬುವುದಿಲ್ಲ.

ಶುಗರಿಗೂ ಬಡಿತಕ್ಕೂ ಏನು ಸಂಬಂಧ? ಶುಗರ್ 70ಕ್ಕಿಂತ ಇಳಿದರೆ ದೇಹ ಅಡ್ರಿನಲಿನ್ ಎಂಬ ಹಾರ್ಮೋನ್ ಸುರಿಯುತ್ತದೆ, ಬಡಿತ ಕೆಡುತ್ತದೆ. ಇನ್ಸುಲಿನ್ ಜಾಸ್ತಿಯಾದರೆ ರಕ್ತದ ಪೊಟ್ಯಾಷಿಯಂ ಕೂಡ ಇಳಿಯುತ್ತದೆ, ಅದರಿಂದಲೂ ತಾಳ ತಪ್ಪಬಹುದು. ಅದಕ್ಕೇ 'ಶುಗರ್ ನಾರ್ಮಲ್ ಆಗಲೇಬೇಕು' ಎಂದು ನೀವೇ ಡೋಸ್ ಏರಿಸಬೇಡಿ. ಐಸಿಯು ರೋಗಿಗಳ ಶುಗರನ್ನು 81–108ಕ್ಕೆ ಬಿಗಿಹಿಡಿದ ನೈಸ್-ಶುಗರ್ ಅಧ್ಯಯನದಲ್ಲಿ (2009) ಸಾವು ಕಡಿಮೆಯಾಗಲಿಲ್ಲ, ಜಾಸ್ತಿಯಾಯಿತು. ಡಾಕ್ಟರ್ ಬರೆದುಕೊಟ್ಟ ಗುರಿಯೇ ನಿಮ್ಮ ಗುರಿ.

70ಕ್ಕಿಂತ ಕಡಿಮೆ ಇದೆಯಾ? ಎಚ್ಚರ ಇರುವವರಿಗೆ 15 ಗ್ರಾಂ ಸಕ್ಕರೆ ನೀರಲ್ಲಿ ಕರಗಿಸಿ ಕೊಡಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ತಡವಾಗಿ ಸೇರುತ್ತದೆ. ಬೀಟಾ ಬ್ಲಾಕರ್ (ಬಡಿತ ನಿಧಾನ ಮಾಡುವ) ಮಾತ್ರೆ ತಗೊಳ್ಳುವವರಿಗೆ ಶುಗರ್ ಇಳಿದಾಗಿನ ನಡುಕ, ಎದೆಬಡಿತ ಗೊತ್ತೇ ಆಗದಿರಬಹುದು. ಬೆವರು ಕಂಡರೆ ತಕ್ಷಣ ಶುಗರ್ ನೋಡಿ.

ಎದೆನೋವು, ಉಸಿರಾಟದ ತೊಂದರೆ, ತಲೆಸುತ್ತಿ ಬೀಳುವುದು, ಮುಖ ಸೊಟ್ಟಗಾಗುವುದು, ಮಾತು ತೊದಲುವುದು, ಇವುಗಳಲ್ಲಿ ಒಂದಿದ್ದರೂ ಫೋನಲ್ಲಿ ಸಲಹೆ ಕೇಳುತ್ತಾ ಕೂರಬೇಡಿ. ಆಂಬ್ಯುಲೆನ್ಸ್ ಕರೆಯಿರಿ. ನಾಡಿ, ಶುಗರ್ ಬರೆದ ಪುಸ್ತಕ ಮತ್ತು ಮಾತ್ರೆಗಳ ಚೀಲ ಜೊತೆಗಿರಲಿ.