ಡೊಳ್ಳುಹೊಟ್ಟೆ ಟಾಲೆಮಿಯನ್ನು ಕನ್ನಡಕ್ಕೆ ತಂದದ್ದು

ಅಲೆಕ್ಸಾಂಡರನ ನಂತರ ಬಂದ ಗ್ರೀಕ್ ರಾಜರ ಬಗೆಗಿನ ಒಂದು ಇತಿಹಾಸ ಪುಸ್ತಕವನ್ನು ಕನ್ನಡಕ್ಕೆ ತರಲು ಕೂತಾಗ ಯುದ್ಧಗಳು, ಒಪ್ಪಂದಗಳು ಕಷ್ಟ ಆಗಬಹುದು ಅಂದುಕೊಂಡಿದ್ದೆ. ಕಷ್ಟ ಆದದ್ದು ಹೆಸರು. ಈಜಿಪ್ಟಿನಲ್ಲಿ ಮುನ್ನೂರು ವರ್ಷದ ಹತ್ತಿರ ಆಳಿದ ಮನೆತನದಲ್ಲಿ ಅಪ್ಪನೂ ಟಾಲೆಮಿ, ಮಗನೂ ಟಾಲೆಮಿ, ಮೊಮ್ಮಗನೂ ಟಾಲೆಮಿ. ಸಿರಿಯಾ ಕಡೆ ತಿರುಗಿದರೆ ಆಂಟಿಯೋಕಸ್ ಹೆಸರಿನವರೇ 13 ಜನ. ಒಂದನೆಯ, ಎರಡನೆಯ ಅನ್ನುವ ಲೆಕ್ಕ ಈಚಿನವರು ಹಾಕಿದ್ದು. ಆ ಕಾಲದ ಜನ ರಾಜರನ್ನು ಗುರುತಿಸುತ್ತಿದ್ದದ್ದು ಬಿರುದಿನಿಂದ, ಇಲ್ಲವೇ ಅಡ್ಡಹೆಸರಿನಿಂದ. ಹಾಗಾಗಿ ಅದನ್ನು ಹಾರಿಸಿ ಮುಂದೆ ಹೋಗುವ ಹಾಗೇ ಇರಲಿಲ್ಲ.

ಮೊದಲ ಸಲ ನಾನು ಎಲ್ಲವನ್ನೂ ಒಂದೇ ಅಚ್ಚಿಗೆ ಹಾಕಿದೆ. ರಾಜರ ಹೆಸರಲ್ವಾ, ಗಂಭೀರವಾಗಿರಲಿ ಅಂತ ಸಂಸ್ಕೃತ ಪದಗಳನ್ನೇ ಹುಡುಕಿದೆ. ಎಂಟನೆಯ ಟಾಲೆಮಿಗೆ ಜನ ಇಟ್ಟ ಹೆಸರು ಫಿಸ್ಕೋನ್. ಅಂದರೆ ಹೊಟ್ಟೆ ಬಂದವನು. ಅದನ್ನು 'ಸ್ಥೂಲೋದರ' ಅಂತ ಬರೆದು ಅಕ್ಕನಿಗೆ ಓದಿ ಹೇಳಿದೆ. ಅವಳು ತರಕಾರಿ ಹೆಚ್ಚುತ್ತಾ ಕೇಳುತ್ತಿದ್ದವಳು ತಲೆ ಎತ್ತಿದಳು.

"ಯಾವುದೋ ದೇವರ ಹೆಸರು ಇದ್ದ ಹಾಗಿದೆ ಕಣೋ. ಲಂಬೋದರ ಅಂತೀವಲ್ಲ, ಹಾಗೆ. ಕೈ ಮುಗೀಬೇಕು ಅನ್ಸುತ್ತೆ."

ಅವಳು ಹೇಳಿದ್ದು ಸರಿಯಾಗಿತ್ತು. ಟಾಲೆಮಿಗಳ ರಾಜಧಾನಿ ಅಲೆಕ್ಸಾಂಡ್ರಿಯಾದ ಜನ ಅವನಿಗೆ ಕೈ ಮುಗಿದು ಆ ಹೆಸರು ಇಟ್ಟಿರಲಿಲ್ಲ. ರೋಮಿನ ಸೇನಾಪತಿ ಸಿಪಿಯೋ ಎಮಿಲಿಯಾನಸ್ ಆ ಊರಿಗೆ ಬಂದಾಗ ರಾಜ ಬಂದರಿನಿಂದ ಅರಮನೆಯವರೆಗೆ ಅವನ ಜೊತೆ ನಡೆಯಬೇಕಾಯಿತು. ಮೈಭಾರ ಹೊತ್ತುಕೊಂಡು ಏದುಸಿರು ಬಿಡುತ್ತಾ ಬಂದ. ಸಿಪಿಯೋ ಪಕ್ಕದಲ್ಲಿದ್ದ ತತ್ವಜ್ಞಾನಿ ಪನೇಟಿಯಸ್‌ನ ಕಿವಿಯಲ್ಲಿ, ನಾವು ಬಂದದ್ದರಿಂದ ಈ ಊರಿನವರಿಗೆ ಆಗಲೇ ಒಂದು ಲಾಭ ಆಯಿತು, ತಮ್ಮ ರಾಜ ನಡೆಯುವುದನ್ನು ನೋಡಿದರು ಎಂಬರ್ಥದ ಮಾತು ಹೇಳಿದನಂತೆ. ಇಂಥವನನ್ನು ಕನ್ನಡದ ಬೀದಿಯಲ್ಲಿ ಏನೆಂದು ಕರೆಯುತ್ತಿದ್ದರು? ಡೊಳ್ಳುಹೊಟ್ಟೆ. ಅಲ್ಲಿಂದ ಮುಂದೆ ಅವನು ನನ್ನ ಪುಸ್ತಕದಲ್ಲಿ ಡೊಳ್ಳುಹೊಟ್ಟೆ ಟಾಲೆಮಿಯೇ ಆದ.

ಇದೇ ರಾಜನ ಅಧಿಕೃತ ಬಿರುದು ಎವರ್ಗೆಟೀಸ್. ಅಂದರೆ ಒಳ್ಳೆಯದು ಮಾಡುವವನು. ಜನ ಅದನ್ನೇ ತಿರುಚಿ ಕಾಕೆರ್ಗೆಟೀಸ್ ಅಂದರು, ಕೇಡು ಮಾಡುವವನು. ಇಂಥ ಶ್ಲೇಷೆ ಅನುವಾದದಲ್ಲಿ ಸಾಮಾನ್ಯವಾಗಿ ಸತ್ತೇ ಹೋಗುತ್ತದೆ. ಇಲ್ಲಿ ಕನ್ನಡ ಕೈ ಹಿಡಿಯಿತು. ಉಪಕಾರಿ, ಅಪಕಾರಿ. ಮುಂದಿನ ತುಂಡು ಬದಲಾಯಿತು, ಹಿಂದಿನದು ಹಾಗೇ ಉಳಿಯಿತು, ಗ್ರೀಕಿನಲ್ಲಿ ಆದ ಹಾಗೆಯೇ. ಆ ದಿನ ಬೇರೆ ಕೆಲಸ ಮಾಡಲಿಲ್ಲ. ಅಷ್ಟು ಖುಷಿಯಾಗಿತ್ತು.

ಆಮೇಲೆ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಮಾಡಿದೆ. ರಾಜ ತಾನೇ ಹೊತ್ತುಕೊಂಡದ್ದು ಅಥವಾ ಊರವರು ಗೌರವದಿಂದ ಕೊಟ್ಟದ್ದು ಬಿರುದು. ಹಿಂದಿನಿಂದ ಕರೆದದ್ದು ಅಡ್ಡಹೆಸರು. ಹಳೆಯ ಗ್ರೀಕ್ ಲೇಖಕ ಪ್ಲುಟಾರ್ಕ್ ಕೂಡ ಇಂಥ ಹೆಸರುಗಳನ್ನು ವಿಂಗಡಿಸಿ ಇಟ್ಟಿದ್ದಾನೆ. ಸಾಧನೆಯಿಂದ ಬಂದದ್ದು, ಮೈಯ ಗುರುತಿನಿಂದ ಬಂದದ್ದು, ಗುಣದಿಂದ ಬಂದದ್ದು, ಅದೃಷ್ಟದಿಂದ ಬಂದದ್ದು, ಗೇಲಿಯಿಂದ ಬಂದದ್ದು. ಅಡ್ಡಹೆಸರಿಗೆ ಮಾತಿನ ಕನ್ನಡ ಸಾಕು ಅಂತ ಈಗ ಗೊತ್ತಾಗಿತ್ತು. ಬಿರುದಿಗೆ ಏನು ಮಾಡುವುದು?

ಅದಕ್ಕೆ ಉತ್ತರ ಸಿಕ್ಕಿದ್ದು ಒಂದು ನಾಣ್ಯದಲ್ಲಿ. ಮಿನಾಂಡರ್, ಅಂದರೆ ಬೌದ್ಧರ ಮಿಲಿಂದ ರಾಜ, ಕ್ರಿ.ಪೂ. 2ನೆಯ ಶತಮಾನದಲ್ಲಿ ನಮ್ಮ ವಾಯವ್ಯ ಭಾಗವನ್ನು ಆಳಿದ ಗ್ರೀಕ್ ದೊರೆ. ಅವನ ಬೆಳ್ಳಿ ನಾಣ್ಯದ ಫೋಟೊವನ್ನು ದೊಡ್ಡದು ಮಾಡಿ ನೋಡುತ್ತಿದ್ದೆ. ಒಂದು ಕಡೆ ಅವನ ಮುಖ, ಸುತ್ತ ಗ್ರೀಕ್ ಅಕ್ಷರ: ಬಸಿಲಿಯೋಸ್ ಸೋತೇರೋಸ್ ಮೆನಾಂದ್ರೂ. ಇನ್ನೊಂದು ಕಡೆ ಅಥೇನಾ ದೇವತೆ, ಸುತ್ತ ಬಲದಿಂದ ಎಡಕ್ಕೆ ಓದುವ ಖರೋಷ್ಠಿ ಲಿಪಿ: ಮಹರಜಸ ತ್ರತರಸ ಮೆನಂದ್ರಸ. ಸೋಟರ್ ಅಂದರೆ ಕಾಪಾಡುವವನು. ಅದೇ ತ್ರಾತಾರ. ಸುಮಾರು 2,150 ವರ್ಷದ ಹಿಂದೆ ಯಾರೋ ಒಬ್ಬರು ನನ್ನ ಕೆಲಸವನ್ನೇ ಮಾಡಿದ್ದರು! ಟಂಕಸಾಲೆಯ ಆ ಅನುವಾದಕನ ಹೆಸರು ಎಲ್ಲೂ ಇಲ್ಲ. ನನಗಂತೂ ಅವನು ಗುರುವಿನ ಹಾಗೆ ಕಂಡ.

ಆಮೇಲೆ ಬೇರೆ ಇಂಡೋ-ಗ್ರೀಕ್ ನಾಣ್ಯಗಳನ್ನೂ ಹುಡುಕಿದೆ. ಆಂಟಿಯಾಲ್ಕಿಡಸ್‌ನ ನಿಕೆಫೋರೋಸ್‌ಗೆ ಜಯಧರ. ಲೈಸಿಯಸ್‌ನ ಅನಿಕೆಟೋಸ್‌ಗೆ ಅಪಡಿಹತ, ನಮ್ಮ ಅಪ್ರತಿಹತ. ಆರ್ಕೆಬಿಯಸ್‌ನ ದಿಕಾಯೋಸ್‌ಗೆ ಧ್ರಮಿಕ. ಗ್ರೀಕಿನ ನ್ಯಾಯವಂತ ಇಲ್ಲಿ ಧಾರ್ಮಿಕ ಆಗಿದ್ದಾನೆ. ಪದಕ್ಕೆ ಪದ ಇಡದೆ, ಇಲ್ಲಿನ ಜನ ರಾಜನಲ್ಲಿ ಏನನ್ನು ಬಯಸುತ್ತಾರೋ ಅದನ್ನು ಇಟ್ಟಿದ್ದಾರೆ. ನನ್ನ ಬಿರುದುಗಳಲ್ಲಿ ಹೆಚ್ಚಿನವು ಈ ನಾಣ್ಯಗಳಿಂದಲೇ ಎತ್ತಿಕೊಂಡವು.

ಮಹರಜಸ, ಮೆನಂದ್ರಸ ಅನ್ನುವ ಆ 'ಸ' ಅಂದರೆ 'ಅವನ' ಎಂದು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲೂ ಅದೇ 'ಸ' ಇದೆ: ದೇವಾನಂಪಿಯಸ ಅಸೋಕಸ. ಅಲ್ಲಿಯವರೆಗೆ ಸಿಕ್ಕಿದ್ದ ಅಶೋಕನ ಶಾಸನಗಳಲ್ಲಿ ಬಿರುದು ಇತ್ತು, ಹೆಸರು ಇರಲಿಲ್ಲ. ಬಿರುದು ಒಬ್ಬ ರಾಜನನ್ನು ಎಷ್ಟು ಚೆನ್ನಾಗಿ ಮುಚ್ಚಿಡಬಲ್ಲದು ಅಂತ ಮಸ್ಕಿ ನೋಡಿದವರಿಗೆ ಗೊತ್ತು.

ಎಪಿಫನೀಸ್ ಮಾತ್ರ ತುಂಬಾ ದಿನ ಕಾಡಿತು. ಕಣ್ಣೆದುರು ಪ್ರಕಟವಾದ ದೇವರು ಎಂಬ ಅರ್ಥ. ಸ್ಟ್ರಾಟೊನ ನಾಣ್ಯದಲ್ಲಿ ಇದಕ್ಕೆ ಪ್ರಚಛ ಅಂತಿದೆ, ನಮ್ಮ ಪ್ರತ್ಯಕ್ಷ. 'ಪ್ರತ್ಯಕ್ಷ ದೇವರು' ನಾವು ದಿನಾ ಆಡುವ ಮಾತೇ ಆದ್ದರಿಂದ ಅದು ಸುಲಭವಾಯಿತು. ತೊಂದರೆ ಇದ್ದದ್ದು ನಾಲ್ಕನೆಯ ಆಂಟಿಯೋಕಸ್‌ನಲ್ಲಿ. ಅವನ ಬಿರುದಿನ ಒಂದು ಅಕ್ಷರ ಬದಲಿಸಿ ಎಪಿಮನೀಸ್ ಅಂತ ಕರೆದರು, ಅಂದರೆ ಹುಚ್ಚ. ಕಾರಣಗಳನ್ನು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಬರೆದಿದ್ದಾನೆ. ಈ ರಾಜ ಅಕ್ಕಸಾಲಿಗರ ಅಂಗಡಿಯಲ್ಲಿ ಹರಟೆ ಹೊಡೆಯುತ್ತಿದ್ದ, ಸಾಮಾನ್ಯ ಜನರ ಸ್ನಾನದ ಮನೆಗೆ ಹೋಗುತ್ತಿದ್ದ. ಅಲ್ಲಿ ಒಬ್ಬ, ರಾಜರೇ ಪುಣ್ಯವಂತರು, ಎಂಥ ಸುವಾಸನೆಯ ಎಣ್ಣೆ ಹಚ್ಚಿಕೊಳ್ಳುತ್ತೀರಿ ಅಂದ. ಮರುದಿನ ರಾಜ ಒಂದು ದೊಡ್ಡ ಪಾತ್ರೆ ಸುಗಂಧವನ್ನು ಅವನ ತಲೆಯ ಮೇಲೆ ಸುರಿಸಿದ. ಅಲ್ಲಿದ್ದವರೆಲ್ಲ ಅದಕ್ಕೆ ಮುಗಿಬಿದ್ದು ಜಾರಿ ಬಿದ್ದರು. ರಾಜನೂ ಜಾರಿದ.

ಪ್ರತ್ಯಕ್ಷ ದೇವ, ಪ್ರತ್ಯಕ್ಷ ದೆವ್ವ. ಈ ಜೋಡಿ ತಾನಾಗಿ ನಾಲಿಗೆಗೆ ಬಂತು. ಎರಡು ದಿನ ಹಾಗೇ ಬರೆದಿಟ್ಟೆ. ಆದರೆ ದೆವ್ವ ಬೇರೆ, ಹುಚ್ಚು ಬೇರೆ. ನನ್ನ ಚಮತ್ಕಾರಕ್ಕಾಗಿ ಆ ಮನುಷ್ಯನ ಕಥೆ ಬದಲಾಗಬಾರದು. ಹೊಡೆದುಹಾಕಿ 'ಹುಚ್ಚ' ಅಂತಲೇ ಬರೆದೆ, ಗ್ರೀಕಿನ ಅಕ್ಷರದಾಟವನ್ನು ಒಂದು ವಾಕ್ಯದಲ್ಲಿ ವಿವರಿಸಿದೆ.

ಇಂಗ್ಲಿಷಿನಿಂದ ಅನುವಾದ ಮಾಡುವಾಗ ಇನ್ನೊಂದು ಅಪಾಯ. ಕ್ಲಿಯೋಪಾತ್ರಳ ಅಪ್ಪ, ಹನ್ನೆರಡನೆಯ ಟಾಲೆಮಿ, ಔಲೆಟೀಸ್. ಇಂಗ್ಲಿಷಿನಲ್ಲಿ ಕೊಳಲು ನುಡಿಸುವವನು ಅಂತಿರುತ್ತದೆ. ಕೊಳಲು ಅಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಕೃಷ್ಣ. ಗೇಲಿ ಹೋಗಿ ಭಕ್ತಿ ಬಂತು! ನಿಜವಾಗಿ ಔಲೋಸ್ ಬಾಯಲ್ಲಿ ಪೀಪಿ ಇಟ್ಟು ಊದುವ ವಾದ್ಯ, ಎರಡು ಕೊಳವೆ ಒಟ್ಟಿಗೆ. ನಮ್ಮ ಶಹನಾಯಿ, ಓಲಗಕ್ಕೆ ಹತ್ತಿರ. ರಾಜ ಮೇಳದವರಿಗೆ ಊದುತ್ತಿದ್ದ, ಅರಮನೆಯಲ್ಲೇ ಸ್ಪರ್ಧೆ ಇಡುತ್ತಿದ್ದ ಅಂತ ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಹೇಳುತ್ತಾನೆ. 'ಓಲಗ ಊದುವ ಟಾಲೆಮಿ' ಅಂತ ಬರೆದೆ. ಮದುವೆಗಳಲ್ಲಿ ಓಲಗ ಊದುವವರಿಗೆ ಅವಮಾನ ಆದೀತೇ ಅಂತ ಯೋಚನೆ ಮಾಡಿದೆ. ಅದಕ್ಕೇ ಜನ ನಕ್ಕದ್ದು ವಾದ್ಯಕ್ಕಲ್ಲ, ರಾಜ್ಯಭಾರ ಬಿಟ್ಟು ಕೂತ ರಾಜನಿಗೆ ಎಂದು ಬಿಡಿಸಿ ಹೇಳಿದೆ.

ಒಂಬತ್ತನೆಯ ಟಾಲೆಮಿ ಲಾಥಿರೋಸ್. ಇವನನ್ನು ಕಡಲೆ ಅಂತ ಅನುವಾದ ಮಾಡುವುದು ರೂಢಿ. ಆದರೆ ಸಸ್ಯಶಾಸ್ತ್ರದಲ್ಲಿ ಲಾಥಿರಸ್ ಅಂದರೆ ಕೇಸರಿ ಬೇಳೆಯ ಜಾತಿ, ತೊಗರಿಬೇಳೆಗೆ ಕಲಬೆರಕೆ ಮಾಡುತ್ತಾರಲ್ಲ, ಅದು. ಕೇಸರಿ ಬೇಳೆ ಅಂತಲೇ ಇಟ್ಟೆ. ಉಳ್ಳಾಗಡ್ಡಿ, ಮೆಣಸಿನಕಾಯಿ ಅಂತ ಅಡ್ಡಹೆಸರು ಇರುವ ಉತ್ತರ ಕರ್ನಾಟಕದವರಿಗೆ ಇದು ವಿಚಿತ್ರ ಅನ್ನಿಸಲಾರದು.

ಫಿಲಡೆಲ್ಫೋಸ್ ಬೇರೆ ಥರದ ಗಂಟು. ಅಂದರೆ ಸೋದರನನ್ನೋ ಸೋದರಿಯನ್ನೋ ಒಲಿದವರು. ಎರಡನೆಯ ಟಾಲೆಮಿ ತನ್ನ ಸ್ವಂತ ಅಕ್ಕ ಅರ್ಸಿನೋಯಿಯನ್ನು ಮದುವೆಯಾದ. ಈ ಬಿರುದು ಮೊದಲು ಅವಳದು, ಅವನಿಗೆ ಅಂಟಿಕೊಂಡದ್ದು ಆಮೇಲೆ. ಸೋದರ ಅಂದರೆ ಅವಳಿಗೆ ಸರಿ, ಸೋದರಿ ಅಂದರೆ ಅವನಿಗೆ ಸರಿ. ಗ್ರೀಕಿನಲ್ಲಿ ಇಬ್ಬರಿಗೂ ಅದೇ ಬಿರುದು ಹೊಂದುತ್ತದೆ. ಕೊನೆಗೆ ಅಚ್ಚಗನ್ನಡದ ಒಡಹುಟ್ಟು ನೆನಪಾಯಿತು. ಒಡಹುಟ್ಟನ್ನು ಒಲಿದವಳು, ಒಡಹುಟ್ಟನ್ನು ಒಲಿದವನು. ಗಂಟು ಬಿಚ್ಚಿತು.

ಮ್ಯಾಸಿಡೋನಿಯಾದ ಆಂಟಿಗೊನಸ್ ದೋಸೋನ್ ನನಗೆ ಎಲ್ಲರಿಗಿಂತ ಇಷ್ಟ. ದೋಸೋನ್ ಅಂದರೆ ಮುಂದೆ ಕೊಡುವವನು. ಮಾತು ಕೊಡುತ್ತಿದ್ದ, ನಡೆಸುತ್ತಿರಲಿಲ್ಲ ಅಂತ ಇಟ್ಟ ಹೆಸರು. 'ನಾಳೆ ಬಾ ಆಂಟಿಗೊನಸ್' ಅಂತ ಮೊದಲು ಬರೆದೆ. ಅದು ಬಾಗಿಲ ಮೇಲೆ ದೆವ್ವಕ್ಕೆ ಬರೆಯುವ ಮಾತು, ಇಲ್ಲಿಗೆ ಹೊಂದಲಿಲ್ಲ. 'ಕೊಡ್ತೀನಿ ಆಂಟಿಗೊನಸ್' ಅಂತ ಬದಲಿಸಿದೆ.

ಹಸ್ತಪ್ರತಿ ಓದಿ ಮುಗಿಸಿದ ಮೇಲೆ ಅಕ್ಕ ಫೋನ್ ಮಾಡಿದಳು. "ಅಲ್ವೋ, ಆ ಕೊಡ್ತೀನಿ ಆಂಟಿಗೊನಸ್, ಕೊನೆಗೆ ಏನಾದ್ರೂ ಕೊಟ್ಟನಾ?"

ಅವನು ಪಟ್ಟಕ್ಕೆ ಬಂದದ್ದು ಚಿಕ್ಕ ಹುಡುಗ ಫಿಲಿಪ್‌ನ ಪೋಷಕನಾಗಿ. ಆಮೇಲೆ ತಾನೇ ರಾಜನಾದ. ಆದರೂ ಹುಡುಗನನ್ನು ಬದಿಗೆ ತಳ್ಳಲಿಲ್ಲ. ಕ್ರಿ.ಪೂ. 221ರಲ್ಲಿ ಅವನು ಸತ್ತಾಗ ಸಿಂಹಾಸನ ಆ ಫಿಲಿಪ್‌ಗೇ ಹೋಯಿತು.

"ಕೊಟ್ಟ ಅಕ್ಕಾ," ಅಂದೆ. "ರಾಜ್ಯವನ್ನೇ ಕೊಟ್ಟ."

"ಹಾಗಾದ್ರೆ ಅದನ್ನೂ ಬರಿ. ಪಾಪ, ಬರೀ ಅಡ್ಡಹೆಸರು ಉಳಿದುಬಿಟ್ಟಿದೆ."

ಆ ಪುಟಕ್ಕೆ ಎರಡು ಸಾಲು ಸೇರಿಸಿ, ಪ್ರತಿಯನ್ನು ಮತ್ತೆ ಕಳಿಸಿದೆ.