ಆರ್ಕಿಟೆಕ್ಟ್ ನೋಂದಣಿ: ಮನೆ ಕಟ್ಟಿಸುವ ಮುನ್ನ ಪರಿಶೀಲಿಸುವುದು ಹೇಗೆ?

ಮನೆ ಕಟ್ಟಿಸಲು ಹೊರಟವರು ನಿವೇಶನದ ಖಾತೆ, ಕ್ರಯಪತ್ರ, ಋಣಭಾರ ಪ್ರಮಾಣಪತ್ರ ಎಲ್ಲವನ್ನೂ ವಕೀಲರಿಂದ ಎರಡೆರಡು ಸಲ ನೋಡಿಸುತ್ತಾರೆ. ಆದರೆ ಅದೇ ನಿವೇಶನದ ಮೇಲೆ ಏಳಲಿರುವ ಮನೆಯ ನಕ್ಷೆ ಬರೆಯುವವರು ನೋಂದಾಯಿತರೇ ಎಂದು ವಿಚಾರಿಸುವವರು ತೀರ ಕಡಿಮೆ. ವಿಚಾರಿಸುವುದಕ್ಕೆ ಕೆಲವು ನಿಮಿಷಗಳು ಸಾಕು, ಖರ್ಚೂ ಇಲ್ಲ.

ನಮ್ಮ ದೇಶದಲ್ಲಿ ಈ ವೃತ್ತಿಯನ್ನು ನಿಯಂತ್ರಿಸುವುದು 1972ರ ಆರ್ಕಿಟೆಕ್ಟ್ಸ್ ಕಾಯ್ದೆ. ಅದರ ಪ್ರಕಾರ ರಚನೆಯಾದ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ದೆಹಲಿಯಲ್ಲಿದ್ದು, ದೇಶಕ್ಕೆಲ್ಲ ಒಂದೇ ರಿಜಿಸ್ಟರ್ ಇಟ್ಟಿದೆ. ಆ ರಿಜಿಸ್ಟರ್‌ನಲ್ಲಿ ಹೆಸರು ಇರುವವರು ಮಾತ್ರ ಕಾನೂನಿನ ಕಣ್ಣಿನಲ್ಲಿ ಆರ್ಕಿಟೆಕ್ಟ್. ವಾಸ್ತುಶಿಲ್ಪಿ ಎಂಬ ಕನ್ನಡದ ಮಾತು ಕೇಳಿ, ವಾಸ್ತು ನೋಡಿ ಹೇಳುವವರನ್ನೇ ಆರ್ಕಿಟೆಕ್ಟ್ ಎಂದು ತಿಳಿದವರನ್ನು ನಾನು ಕಂಡಿದ್ದೇನೆ. ಅದಕ್ಕೂ ಈ ನೋಂದಣಿಗೂ ಯಾವ ಸಂಬಂಧವೂ ಇಲ್ಲ.

ಮೊದಲ ಭೇಟಿಯಲ್ಲೇ ನೋಂದಣಿ ಸಂಖ್ಯೆಯನ್ನು ಕೇಳಿ. ಅದು ‘ಸಿಎ’ ಎಂಬ ಅಕ್ಷರಗಳಿಂದ ಆರಂಭವಾಗಿ, ಓರೆಗೆರೆಯ ನಂತರ ನೋಂದಣಿಯಾದ ವರ್ಷ, ಮತ್ತೊಂದು ಓರೆಗೆರೆಯ ನಂತರ ಕ್ರಮಸಂಖ್ಯೆ, ಹೀಗೆ ಮೂರು ಭಾಗಗಳಲ್ಲಿರುತ್ತದೆ. ಕೌನ್ಸಿಲ್‌ನ ಜಾಲತಾಣದಲ್ಲಿ ಹೆಸರು ಅಥವಾ ಸಂಖ್ಯೆ ಕೊಟ್ಟು ಹುಡುಕಿ, ಸಂಖ್ಯೆ ನಿಮ್ಮೆದುರು ಕುಳಿತವರದ್ದೇ ಹೌದೇ, ನೋಂದಣಿ ಈಗಲೂ ಚಾಲ್ತಿಯಲ್ಲಿದೆಯೇ ಎಂಬೆರಡನ್ನೂ ನೋಡಬೇಕು. ನವೀಕರಣ ಶುಲ್ಕ ಕಟ್ಟದವರ ಹೆಸರನ್ನು ತೆಗೆದುಹಾಕಲು ಕಾಯ್ದೆಯಲ್ಲಿ ಅವಕಾಶವಿರುವುದರಿಂದ, ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿದ ಹಳೆಯ ಪ್ರಮಾಣಪತ್ರವೊಂದನ್ನೇ ನಂಬಬಾರದು.

ಇದನ್ನು ನಾನು ಕಲಿತದ್ದು ತಮ್ಮನ ಮನೆ ಕಟ್ಟಿಸುವಾಗ. ಮೂವತ್ತು–ನಲವತ್ತರ ನಿವೇಶನ, ಹಾಳೆಯ ಬಲಭಾಗದ ಕೆಳಮೂಲೆಯಲ್ಲಿ ನೀಲಿ ಶಾಯಿಯ ಸೀಲು, ಅದರ ಮೇಲೊಂದು ಸಹಿ. ಸಂಖ್ಯೆ ಹುಡುಕಿದಾಗ ಅದು ಚಾಲ್ತಿಯಲ್ಲೇ ಇತ್ತು, ಆದರೆ ಅದರ ಎದುರಿಗಿದ್ದ ಹೆಸರು ನಾವು ತಿಂಗಳುಗಟ್ಟಲೆ ಮಾತಾಡುತ್ತಿದ್ದವರದ್ದಾಗಿರಲಿಲ್ಲ. ಕೇಳಿದರೆ, “ಸಹಿ ಬೇರೆಯವರಿಂದ ಹಾಕಿಸುತ್ತೇವೆ ಸಾರ್, ಎಲ್ಲ ಕಡೆ ಹಾಗೇ” ಎಂಬ ಉತ್ತರ ಬಂತು. ನಿವೇಶನವನ್ನು ನೋಡದವರ ಸಹಿಯ ಮೇಲೆ ಎರಡು ಅಂತಸ್ತು ಏರಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಆದ್ದರಿಂದ ನಕ್ಷೆ ಬರೆಯುವವರು, ಸಹಿ ಮಾಡುವವರು, ಕೆಲಸ ನಡೆಯುವಾಗ ಸ್ಥಳಕ್ಕೆ ಬರುವವರು ಒಬ್ಬರೇ ಅಥವಾ ಬೇರೆ ಬೇರೆಯವರೇ ಎಂದು ನೇರವಾಗಿ ಕೇಳಿಬಿಡಿ.

ನೋಂದಣಿ ಇಲ್ಲದವರು ನಕ್ಷೆ ಬರೆಯುವುದೇ ಅಪರಾಧವೆಂದು ಹಲವರು ತಿಳಿದಿದ್ದಾರೆ, ಅದು ಸರಿಯಲ್ಲ. ಕಾಯ್ದೆಯ 37ನೆಯ ಕಲಂ ಕಾಯುವುದು ‘ಆರ್ಕಿಟೆಕ್ಟ್’ ಎಂಬ ಹೆಸರನ್ನು. ವಿನ್ಯಾಸ ಮತ್ತು ಮೇಲ್ವಿಚಾರಣೆಯ ಕೆಲಸವನ್ನು ಅದು ಇತರರಿಗೆ ನಿಷೇಧಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಸ್ಪಷ್ಟಪಡಿಸಿದೆ. ಹೀಗಾಗಿ ಸಿವಿಲ್ ಎಂಜಿನಿಯರ್ ಒಬ್ಬರು ನಿಮ್ಮ ಮನೆಯ ವಿನ್ಯಾಸ ಮಾಡಿದರೆ ತಪ್ಪೇನೂ ಇಲ್ಲ, ಆರ್ಕಿಟೆಕ್ಟ್ ಎಂದು ಫಲಕ ಹಾಕಿಕೊಂಡರೆ ತಪ್ಪು. ಆ ತಪ್ಪಿಗೆ ಮೊದಲ ಸಲ 500 ರೂಪಾಯಿಯವರೆಗೆ ದಂಡ. ಮರುಕಳಿಸಿದರೆ ಆರು ತಿಂಗಳವರೆಗೆ ಸೆರೆ ಅಥವಾ 1000 ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ಇಷ್ಟು ಸಣ್ಣ ದಂಡಕ್ಕೆ ಯಾರೂ ಹೆದರುವುದಿಲ್ಲವಾದ್ದರಿಂದ ಎಚ್ಚರಿಕೆಯ ಭಾರ ಮನೆ ಕಟ್ಟಿಸುವವರ ಮೇಲೆಯೇ ಬೀಳುತ್ತದೆ. ಎಂಜಿನಿಯರ್‌ಗಳಿಗೆ ಇಂಥ ರಾಷ್ಟ್ರೀಯ ರಿಜಿಸ್ಟರ್ ಇಲ್ಲ. ಅವರ ವಿಷಯದಲ್ಲಿ ನಿಮ್ಮ ಊರಿನ ಪಾಲಿಕೆ ಅಥವಾ ಪುರಸಭೆ ಕೊಟ್ಟ ಪರವಾನಗಿಯನ್ನು ನೋಡಬೇಕು.

ನಂತರ ಲಿಖಿತ ಒಪ್ಪಂದ. ವೃತ್ತಿ ನಡತೆಯ 1989ರ ನಿಯಮಾವಳಿ ಪ್ರಕಾರ ಆರ್ಕಿಟೆಕ್ಟ್ ತಮ್ಮ ಷರತ್ತು ಮತ್ತು ಶುಲ್ಕವನ್ನು ಗ್ರಾಹಕರಿಗೆ ತಿಳಿಸಬೇಕು, ಗ್ರಾಹಕರ ಒಪ್ಪಿಗೆಯಿಲ್ಲದೆ ಕೆಲಸವನ್ನು ಇನ್ನೊಬ್ಬ ಆರ್ಕಿಟೆಕ್ಟ್‌ಗೆ ವಹಿಸಬಾರದು. ಎಷ್ಟು ಸಲ ಸ್ಥಳಕ್ಕೆ ಬರುತ್ತಾರೆ, ಪಾಯ ಮತ್ತು ಛಾವಣಿಯ ಕಂಬಿ ಕಟ್ಟಿದ ಮೇಲೆ ಕಾಂಕ್ರೀಟ್ ಹಾಕುವ ಮುನ್ನ ಯಾರು ಪರಿಶೀಲಿಸುತ್ತಾರೆ, ಶುಲ್ಕದ ಕಂತು ಯಾವ ಹಂತಕ್ಕೆ ಎಷ್ಟು ಎಂಬುದನ್ನೆಲ್ಲ ಬರವಣಿಗೆಯಲ್ಲಿಡಿ.

ಫ್ಲ್ಯಾಟ್ ಕೊಳ್ಳುವವರು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣದಲ್ಲಿ ಯೋಜನೆಯ ಪುಟ ತೆರೆದರೆ ಆರ್ಕಿಟೆಕ್ಟ್ ಹೆಸರು ಸಿಗುತ್ತದೆ. ಖರೀದಿದಾರರಿಂದ ಬಂದ ಹಣದ ಶೇ 70ರಷ್ಟನ್ನು ಬಿಲ್ಡರ್ ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಅದರಿಂದ ತೆಗೆಯಲು ಆರ್ಕಿಟೆಕ್ಟ್, ಎಂಜಿನಿಯರ್ ಮತ್ತು ಚಾರ್ಟರ್ಡ್ ಅಕೌಂಟೆಂಟ್ ಮೂವರ ಪ್ರಮಾಣೀಕರಣ ಬೇಕು. ಆ ಆರ್ಕಿಟೆಕ್ಟ್ ಹೆಸರನ್ನೂ ಕೌನ್ಸಿಲ್‌ನ ಪಟ್ಟಿಯೊಂದಿಗೆ ಹೋಲಿಸಿ ನೋಡಿ.

ಜಗಳವಾದರೆ ದಾರಿ ಎರಡು. ನೋಂದಾಯಿತ ಆರ್ಕಿಟೆಕ್ಟ್ ವೃತ್ತಿಗೆ ತಕ್ಕಂತೆ ನಡೆದುಕೊಳ್ಳದಿದ್ದರೆ ಕೌನ್ಸಿಲ್‌ಗೆ ನಿಗದಿತ ನಮೂನೆಯಲ್ಲಿ ದೂರು ಕೊಡಬಹುದು. ವಿಚಾರಣೆಯಲ್ಲಿ ತಪ್ಪು ಸಾಬೀತಾದರೆ ಅದು ಛೀಮಾರಿ ಹಾಕಬಹುದು, ಅಮಾನತು ಮಾಡಬಹುದು, ಹೆಸರನ್ನೇ ತೆಗೆದುಹಾಕಬಹುದು. ಆದರೆ ನಿಮಗಾದ ನಷ್ಟ ತುಂಬಿಕೊಡುವ ಕೆಲಸ ಅದರದ್ದಲ್ಲ. ಪರಿಹಾರ ಬೇಕಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗಬೇಕು: ಕೊಟ್ಟ ಶುಲ್ಕ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗದಲ್ಲಿ, ದೂರಿಗೆ ಕಾರಣ ಹುಟ್ಟಿದ ಎರಡು ವರ್ಷಗಳ ಒಳಗೆ. ಎರಡೂ ಕಡೆ ಮೊದಲು ಕೇಳುವುದು ಒಪ್ಪಂದ, ಹಣ ಕೊಟ್ಟ ರಸೀದಿ ಮತ್ತು ಸಹಿ ಇರುವ ನಕ್ಷೆ. ಗೃಹಪ್ರವೇಶ ಮುಗಿದ ಮೇಲೂ ಈ ಮೂರನ್ನು ಕ್ರಯಪತ್ರದ ಜೊತೆಯಲ್ಲೇ ಇಟ್ಟುಕೊಂಡಿರಿ.