ಪ್ರೈಮರಿ ಬದಲಾಯಿಸುವುದು ಹೇಗೆ: ಹಳೆಯದು ಇಳಿದ ಮೇಲೆಯೇ ಹೊಸದು ಏರಲಿ

ಡೇಟಾಬೇಸ್ ಓಡುತ್ತಿರುವ ಮುಖ್ಯ ಸರ್ವರ್‌ಗೆ, ಅಂದರೆ ಪ್ರೈಮರಿಗೆ, ಹೊಸ ಡಿಸ್ಕ್ ಹಾಕಬೇಕು. ಪಕ್ಕದಲ್ಲಿ ಅದರ ನಕಲು ಇಟ್ಟುಕೊಂಡ ಸ್ಟ್ಯಾಂಡ್‌ಬೈ ಇದೆ. ಕೆಲಸವನ್ನು ಅದಕ್ಕೆ ವಹಿಸಿ, ಹಳೆಯದಕ್ಕೆ ಬಿಡುವು ಕೊಟ್ಟರಾಯ್ತು ಅಲ್ವಾ? ಹೇಳುವಾಗ ಇಷ್ಟೇ. ಆದರೆ ಇದು ಕೆಟ್ಟದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಒಂದು ಕಡೆ ಮೊದಲು ಸ್ಟ್ಯಾಂಡ್‌ಬೈಯನ್ನು ಪ್ರೈಮರಿ ಮಾಡಿದರು, ಆಮೇಲೆ ಹಳೆಯದನ್ನು ನಿಲ್ಲಿಸಲು ಹೋದರು. ನಡುವೆ ಕಳೆದದ್ದು ಮೂರೇ ನಿಮಿಷ. ಅಷ್ಟರಲ್ಲಿ ಎರಡೂ ಕಡೆ ಆರ್ಡರ್‌ಗಳು ಬಿದ್ದಿದ್ದವು. ಒಂದೇ ನಂಬರಿನ ಆರ್ಡರ್ ಇಲ್ಲಿ ಒಬ್ಬರದ್ದು, ಅಲ್ಲಿ ಇನ್ನೊಬ್ಬರದ್ದು. ಒಂದೊಂದಾಗಿ ಕೂತು ಹೊಂದಿಸಲು ಎರಡು ದಿನ ಹಿಡಿಯಿತು.

ಇಲ್ಲಿ ಹೇಳುತ್ತಿರುವುದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದ ಸ್ಟ್ರೀಮಿಂಗ್ ರೆಪ್ಲಿಕೇಶನ್ (ನಿರಂತರ ನಕಲು) ಬಗ್ಗೆ, 12ನೇ ಆವೃತ್ತಿಯಿಂದ ಈಚಿನದ್ದು. ಪ್ರೈಮರಿ ತಾನು ಮಾಡಿದ ಪ್ರತಿ ಬದಲಾವಣೆಯನ್ನೂ ವಾಲ್ (WAL) ಎಂಬ ಲಾಗ್‌ನಲ್ಲಿ ಬರೆಯುತ್ತದೆ. ಸ್ಟ್ಯಾಂಡ್‌ಬೈ ಅದನ್ನು ತರಿಸಿಕೊಂಡು ತನ್ನಲ್ಲೂ ಹಾಗೇ ಮಾಡುತ್ತಾ ಹೋಗುತ್ತದೆ. ವಾಲ್‌ನ ಕೊನೆಯ ಸಾಲು ಆ ಕಡೆ ತಲುಪಿತೋ ಇಲ್ಲವೋ ಎನ್ನುವುದರ ಮೇಲೆ ಇಡೀ ಕೆಲಸ ನಿಂತಿದೆ.

ಹಿಂದಿನ ದಿನವೇ ನೋಡಿಕೊಳ್ಳಬೇಕಾದ್ದು

ಎರಡೂ ಸರ್ವರ್‌ಗಳ ಸೆಟ್ಟಿಂಗ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಟ್ಟಿಗೆ ಎಷ್ಟು ಸಂಪರ್ಕ ಇರಬಹುದು ಎನ್ನುವ ಮ್ಯಾಕ್ಸ್ ಕನೆಕ್ಷನ್ಸ್ ಸ್ಟ್ಯಾಂಡ್‌ಬೈಯಲ್ಲಿ ಪ್ರೈಮರಿಗಿಂತ ಕಡಿಮೆ ಇರುವಂತಿಲ್ಲ. ನಾಳೆ ಪಾತ್ರ ಅದಲುಬದಲಾಗುತ್ತದೆ. ಹಾಗಾಗಿ ಎರಡೂ ಕಡೆ ಒಂದೇ ಸಂಖ್ಯೆ ಇಡಿ. ಇಲ್ಲದಿದ್ದರೆ ಹಳೆಯದು ಸ್ಟ್ಯಾಂಡ್‌ಬೈ ಆಗಿ ಏಳುವುದೇ ಇಲ್ಲ. ಯಾರು ಎಲ್ಲಿಂದ ಒಳಗೆ ಬರಬಹುದು ಎಂದು ಬರೆದಿಡುವ ಎಚ್‌ಬಿಎ ಫೈಲ್ ರೆಪ್ಲಿಕೇಶನ್ ಜೊತೆ ತಾನಾಗಿ ಹೋಗುವುದಿಲ್ಲ. ಹೊಸ ಪ್ರೈಮರಿಯ ಫೈಲ್‌ನಲ್ಲಿ ಹಳೆಯದರ ವಿಳಾಸವನ್ನು ರೆಪ್ಲಿಕೇಶನ್‌ಗಾಗಿ ಸೇರಿಸಿರಬೇಕು. ಜನ ಜಾಸ್ತಿ ಮರೆಯುವುದು ಇದನ್ನೇ.

ಆಪರೇಟಿಂಗ್ ಸಿಸ್ಟಂ ಆವೃತ್ತಿಯೂ ಒಂದೇ ಇರಲಿ. ಲಿನಕ್ಸ್‌ನ ಮೂಲ ಲೈಬ್ರರಿ ಜಿಲಿಬ್‌ಸಿ 2018ರಲ್ಲಿ 2.28ನೇ ಆವೃತ್ತಿಗೆ ಬಂದಾಗ ಅಕ್ಷರಗಳನ್ನು ಜೋಡಿಸುವ ಕ್ರಮ ಬದಲಾಯಿತು. ಒಂದು ಕಡೆ ಅದಕ್ಕಿಂತ ಹಳೆಯದು, ಇನ್ನೊಂದು ಕಡೆ ಹೊಸದು ಇದ್ದರೆ ಪಠ್ಯದ ಮೇಲಿನ ಇಂಡೆಕ್ಸ್‌ಗಳು (ಬೇಗ ಹುಡುಕಲು ಇಟ್ಟ ಸೂಚಿಗಳು) ತಪ್ಪು ಉತ್ತರ ಕೊಡಬಹುದು. ಸ್ಟ್ಯಾಂಡ್‌ಬೈ ಪ್ರೈಮರಿಯಾದ ಮೇಲೆ ಇದು ಗೊತ್ತಾಗಿ ಏನು ಪ್ರಯೋಜನ?

ಟರ್ಮಿನಲ್ ವಿಚಾರ. ಹಳೆಯ ಸರ್ವರ್‌ನ ಕಿಟಕಿಗೆ ಕೆಂಪು ಹಿನ್ನೆಲೆ, ಹೊಸದಕ್ಕೆ ಹಸಿರು ಹಾಕಿ. ಇದನ್ನು ಚಿಕ್ಕ ವಿಷಯ ಅನ್ನಬೇಡಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಕಂಪನಿಯಲ್ಲಿ ರೆಪ್ಲಿಕೇಶನ್ ಸರಿಮಾಡುತ್ತಿದ್ದ ಎಂಜಿನಿಯರ್ ಒಬ್ಬರು ಸ್ಟ್ಯಾಂಡ್‌ಬೈ ಅಂದುಕೊಂಡು ಪ್ರೈಮರಿಯ ಡೇಟಾ ಫೋಲ್ಡರನ್ನೇ ಅಳಿಸಿದರು. ಸುಮಾರು ಆರು ಗಂಟೆಯ ಡೇಟಾ ಹೋಯಿತು. ಅವರು ಅದನ್ನು ಮುಚ್ಚಿಡದೆ ಬರೆದು ಹೇಳಿದ್ದರಿಂದ ನಮಗೆಲ್ಲ ಉಪಕಾರವಾಯಿತು.

ಬರವಣಿಗೆ ನಿಲ್ಲಿಸುವುದು

ಮೊದಲು ಲ್ಯಾಗ್, ಅಂದರೆ ಸ್ಟ್ಯಾಂಡ್‌ಬೈ ಪ್ರೈಮರಿಗಿಂತ ಎಷ್ಟು ಹಿಂದಿದೆ, ನೋಡಿ. ಗಂಟೆಗಟ್ಟಲೆ ಓಡುವ ರಿಪೋರ್ಟ್‌ಗಳಿದ್ದರೆ ಮುಗಿಯಲಿ, ಇಲ್ಲವೇ ನಿಲ್ಲಿಸಿ. ಆಮೇಲೆ ಪ್ರೈಮರಿಯಲ್ಲಿ ಚೆಕ್‌ಪಾಯಿಂಟ್ ಆಜ್ಞೆಯನ್ನು ಕೈಯಾರೆ ಕೊಡಿ, ಮೆಮೊರಿಯಲ್ಲಿರುವ ಬದಲಾವಣೆಗಳನ್ನು ಡಿಸ್ಕ್‌ಗೆ ಬರೆಯುವುದೇ ಚೆಕ್‌ಪಾಯಿಂಟ್. ನಿಲ್ಲುವ ಮೊದಲು ಪೋಸ್ಟ್‌ಗ್ರೆಸ್ ಹೇಗೂ ಒಂದು ಚೆಕ್‌ಪಾಯಿಂಟ್ ಮಾಡುತ್ತದೆ. ಮೆಮೊರಿ ದೊಡ್ಡದಿದ್ದರೆ ಅದಕ್ಕೇ ನಿಮಿಷಗಳು ಬೇಕು. ಬಳಕೆದಾರರು ಕಾಯುತ್ತಿರುವಾಗ ಆ ಹೊತ್ತು ಯಾಕೆ ಕಳೆಯಬೇಕು? ಮುಂಚೆಯೇ ಮಾಡಿದರೆ ಕೊನೆಗೆ ಉಳಿಯುವುದು ಸ್ವಲ್ಪ.

ಅಪ್ಲಿಕೇಶನ್ ಮತ್ತು ಡೇಟಾಬೇಸ್ ನಡುವೆ ಸಂಪರ್ಕಗಳನ್ನು ನಿಭಾಯಿಸುವ ಪಿಜಿಬೌನ್ಸರ್ ಇದ್ದರೆ ಈಗ ಅದಕ್ಕೆ ಪಾಜ್ (PAUSE) ಆಜ್ಞೆ ಕೊಡಿ. ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ಅದು ನಡೆಯುತ್ತಿರುವ ವಹಿವಾಟು ಮುಗಿಯಲು ಬಿಟ್ಟು, ಹೊಸದನ್ನು ಸಾಲಿನಲ್ಲಿ ನಿಲ್ಲಿಸುತ್ತದೆ. ಬಳಕೆದಾರರಿಗೆ ಎರರ್ ಬರುವುದಿಲ್ಲ, ಸುಮ್ನೆ ಸ್ವಲ್ಪ ತಡವಾಗುತ್ತದೆ. ಆದರೆ ಸಾಲಿನಲ್ಲಿ ಕಾಯುವ ಮಿತಿ, ಕ್ವೆರಿ ವೇಟ್ ಟೈಮ್‌ಔಟ್, ಡಿಫಾಲ್ಟ್ ಆಗಿ 120 ಸೆಕೆಂಡು. ಅದು ದಾಟಿದರೆ ಕಾದವರ ಸಂಪರ್ಕ ಕಡಿದುಹೋಗುತ್ತದೆ. ನಿಮ್ಮ ಕೈಯಲ್ಲಿರುವುದು ಆ ಎರಡು ನಿಮಿಷ.

ಡಿಎನ್‌ಎಸ್‌ನಲ್ಲಿ ಸರ್ವರ್‌ನ ಹೆಸರು ಹೊಸ ವಿಳಾಸ ತೋರಿಸುವಂತೆ ಬದಲಾಯಿಸಿದರೆ ಸಾಕು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಳೆಯ ವಿಳಾಸವನ್ನು ಯಾವ ಅಪ್ಲಿಕೇಶನ್ ಎಷ್ಟು ಹೊತ್ತು ನೆನಪಿಟ್ಟುಕೊಂಡಿರುತ್ತದೆ ಎಂದು ಯಾರೂ ಖಚಿತವಾಗಿ ಹೇಳಲಾರರು. ಪಿಜಿಬೌನ್ಸರ್ ಇಲ್ಲದಿದ್ದರೆ ಸಂಪರ್ಕದ ಸಾಲಿನಲ್ಲಿ ಎರಡೂ ಸರ್ವರ್‌ಗಳ ಹೆಸರು ಕೊಟ್ಟು, ಬರೆಯಲು ಬಿಡುವ ಸರ್ವರನ್ನೇ ಹುಡುಕಿಕೋ ಎಂದು ಹೇಳಿ. ಈ ಸೌಲಭ್ಯ 10ನೇ ಆವೃತ್ತಿಯಿಂದಲೇ ಇದೆ.

ಅವಸರ ಮಾಡಬಾರದ ಜಾಗ

ಈಗ ಹಳೆಯ ಪ್ರೈಮರಿಯನ್ನು ಫಾಸ್ಟ್ ಮೋಡ್‌ನಲ್ಲಿ ನಿಲ್ಲಿಸಿ. ಸ್ಮಾರ್ಟ್ ಮೋಡ್ ಬೇಡ, ಎಲ್ಲರೂ ತಾವಾಗಿ ಹೊರಡುವವರೆಗೆ ಅದು ಕಾಯುತ್ತದೆ. ಇಮ್ಮೀಡಿಯೆಟ್ ಮೋಡ್ ಅಂತೂ ಬೇಡವೇ ಬೇಡ. ಅದು ಕರೆಂಟ್ ಹೋದಂತೆ, ಕೊನೆಯ ಚೆಕ್‌ಪಾಯಿಂಟ್ ಆಗುವುದೇ ಇಲ್ಲ. ಫಾಸ್ಟ್ ಮೋಡ್‌ನಲ್ಲಿ ಪೋಸ್ಟ್‌ಗ್ರೆಸ್ ಚೆಕ್‌ಪಾಯಿಂಟ್ ಬರೆದು, ಸಂಪರ್ಕದಲ್ಲಿರುವ ಸ್ಟ್ಯಾಂಡ್‌ಬೈಗೆ ಅದನ್ನೂ ಕಳಿಸಿ, ಆಮೇಲೆ ನಿಲ್ಲುತ್ತದೆ.

ಕಳಿಸಿರಬಹುದು ಎಂದು ನಂಬಿ ಮುಂದೆ ಹೋಗಬೇಡಿ, ನೋಡಿ. ಹಳೆಯ ಸರ್ವರ್‌ನಲ್ಲಿ ಡೇಟಾಬೇಸ್‌ನ ಸ್ಥಿತಿ ತೋರಿಸುವ ಪಿಜಿ ಕಂಟ್ರೋಲ್‌ಡೇಟಾ ಆಜ್ಞೆ ಓಡಿಸಿ. ಕ್ಲಸ್ಟರ್ ಸ್ಥಿತಿ ‘ಶಟ್ ಡೌನ್’ ಎಂದಿರಬೇಕು. ಕೆಳಗೆ ವಾಲ್‌ನಲ್ಲಿ ಕೊನೆಯ ಚೆಕ್‌ಪಾಯಿಂಟ್‌ನ ಜಾಗ (ಎಲ್‌ಎಸ್‌ಎನ್) ಇರುತ್ತದೆ. 5/72000028 ಎಂದಿದೆ ಅಂದುಕೊಳ್ಳಿ. ಇದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಈಗ ಹಸಿರು ಕಿಟಕಿಗೆ ಬನ್ನಿ. ಸ್ಟ್ಯಾಂಡ್‌ಬೈ ಎಲ್ಲಿಯವರೆಗೆ ಓದಿ ಮುಗಿಸಿದೆ ಎಂದು ಕೇಳಿ, ಅದಕ್ಕಿರುವ ಫಂಕ್ಷನ್ ಪಿಜಿ ಲಾಸ್ಟ್ ವಾಲ್ ರೀಪ್ಲೇ ಎಲ್‌ಎಸ್‌ಎನ್. ಬಂದ ಉತ್ತರ ಕಾಗದದ ಮೇಲಿನ ಸಂಖ್ಯೆಗಿಂತ ಮುಂದಿರಬೇಕು. ಸಾಮಾನ್ಯವಾಗಿ ನೂರು ಚಿಲ್ಲರೆ ಬೈಟ್ ಮುಂದಿರುತ್ತದೆ, ಆ ಚೆಕ್‌ಪಾಯಿಂಟ್ ದಾಖಲೆಯ ಉದ್ದವೇ ಅಷ್ಟು. ಕಣ್ಣಂದಾಜಿನಲ್ಲಿ ಹೋಲಿಸಬೇಡಿ, ಸಂಖ್ಯೆ ಹದಿನಾರರ ಲೆಕ್ಕದಲ್ಲಿರುತ್ತದೆ. ವ್ಯತ್ಯಾಸ ಹೇಳುವ ಎಲ್‌ಎಸ್‌ಎನ್ ಡಿಫ್ ಫಂಕ್ಷನ್‌ಗೆ ಕೊಡಿ.

ಹಿಂದೆ ಇದ್ದರೆ? ಪ್ರಮೋಟ್ ಮಾಡಬೇಡಿ, ಅಂದರೆ ಸ್ಟ್ಯಾಂಡ್‌ಬೈಯನ್ನು ಪ್ರೈಮರಿ ಮಾಡಬೇಡಿ. ಸ್ವಲ್ಪ ಕಾದು ಮತ್ತೆ ಕೇಳಿ. ಆಗಲೂ ಹಿಂದಿದ್ದರೆ ಹಳೆಯದನ್ನೇ ಮತ್ತೆ ಎಬ್ಬಿಸಿ, ಪಿಜಿಬೌನ್ಸರ್‌ಗೆ ಮತ್ತೆ ಶುರುಮಾಡುವ ರೆಸ್ಯೂಮ್ ಆಜ್ಞೆ ಕೊಟ್ಟು, ಇವತ್ತಿನ ಕೆಲಸ ಅಲ್ಲಿಗೇ ನಿಲ್ಲಿಸಿ. ಕಾರಣ ಹುಡುಕಿ ಇನ್ನೊಂದು ದಿನ ಮಾಡಬಹುದು. ಇಲ್ಲಿಯವರೆಗೆ ಏನೂ ಕಳೆದಿಲ್ಲ. ಇಲ್ಲಿಂದ ವಾಪಸ್ ಬರುವುದಕ್ಕೆ ನಾಚಿಕೆ ಬೇಡ.

ಸಂಖ್ಯೆ ಸರಿ ಇದ್ದರೂ ಇನ್ನೊಂದು ಕೆಲಸ ಬಾಕಿ. ಹಳೆಯದು ತಾನಾಗಿ ಎದ್ದು ಮತ್ತೆ ಪ್ರೈಮರಿಯಾಗಬಾರದು. ಎಷ್ಟೋ ಕಡೆ ಸರ್ವಿಸ್ ನಿಂತರೆ ತಾನೇ ಎಬ್ಬಿಸುವ ಸ್ಕ್ರಿಪ್ಟ್ ಇರುತ್ತದೆ. ಅದನ್ನು ಯಾರೋ ಎಂದೋ ಬರೆದು ಮರೆತಿರುತ್ತಾರೆ. ಆದ್ದರಿಂದ ಪ್ರಮೋಟ್ ಮಾಡುವ ಮೊದಲೇ ಹಳೆಯದರ ಡೇಟಾ ಫೋಲ್ಡರಿನಲ್ಲಿ ಸ್ಟ್ಯಾಂಡ್‌ಬೈ ಡಾಟ್ ಸಿಗ್ನಲ್ ಎಂಬ ಖಾಲಿ ಫೈಲ್ ಇಡಿ. ಈಗ ಯಾರು ಎಬ್ಬಿಸಿದರೂ ಅದು ಸ್ಟ್ಯಾಂಡ್‌ಬೈ ಆಗಿಯೇ ಏಳುತ್ತದೆ, ಬರೆಯಲು ಬಿಡುವುದಿಲ್ಲ. ಒಂದು ಖಾಲಿ ಫೈಲ್ ಅಷ್ಟೇ. ಆ ಎರಡು ದಿನದ ಕಷ್ಟ ನೋಡಿದ ಮೇಲೆ ನಾನು ಇದನ್ನು ಇಡದೆ ಒಮ್ಮೆಯೂ ಮುಂದೆ ಹೋಗಿಲ್ಲ.

ಉಳಿದದ್ದು

ಸ್ಟ್ಯಾಂಡ್‌ಬೈಯಲ್ಲಿ ಪಿಜಿ ಪ್ರಮೋಟ್ ಕೊಡಿ. ರಿಕವರಿಯಲ್ಲಿದ್ದೀಯಾ, ಅಂದರೆ ಇನ್ನೂ ಸ್ಟ್ಯಾಂಡ್‌ಬೈಯಾಗಿದ್ದೀಯಾ, ಎಂದು ಕೇಳಿದರೆ ಇಲ್ಲ ಎನ್ನಬೇಕು. ಪಿಜಿಬೌನ್ಸರ್‌ನಲ್ಲಿ ವಿಳಾಸ ತಿದ್ದಿ, ರೀಲೋಡ್ ಮಾಡಿ, ರೆಸ್ಯೂಮ್ ಮಾಡಿ. ಆಮೇಲೆ ಹಳೆಯದಕ್ಕೆ ಹೊಸ ಪ್ರೈಮರಿಯ ವಿಳಾಸ ಕೊಟ್ಟು ಎಬ್ಬಿಸಿ. ಸರಿಯಾಗಿ ನಿಲ್ಲಿಸಿದ್ದರಿಂದ, ದಾರಿ ತಪ್ಪಿದ ಸರ್ವರನ್ನು ಹೊಂದಿಸುವ ಪಿಜಿ ರಿವೈಂಡ್ ಬೇಕಾಗುವುದಿಲ್ಲ, ಮೊದಲಿನಿಂದ ನಕಲು ಮಾಡುವ ಕೆಲಸವೂ ಇಲ್ಲ. ಹೊಸ ಪ್ರೈಮರಿಯಲ್ಲಿ ಅದರ ಹೆಸರಿನ ಮುಂದೆ ‘ಸ್ಟ್ರೀಮಿಂಗ್’ ಎಂದು ಕಾಣಬೇಕು.

ಪ್ಯಾಟ್ರೋನಿ, ರೆಪ್‌ಮ್ಯಾನೇಜರ್ ತರಹದ ಉಪಕರಣಗಳು ಇದನ್ನೆಲ್ಲ ಒಂದೇ ಆಜ್ಞೆಯಲ್ಲಿ ಮಾಡಿಕೊಡುತ್ತವೆ. ಧಾರಾಳವಾಗಿ ಬಳಸಿ. ಆದರೆ ಟೆಸ್ಟ್ ಸರ್ವರ್‌ನಲ್ಲಿ ಒಮ್ಮೆಯಾದರೂ ಕೈಯಿಂದಲೇ ಮಾಡಿ. ಆ ಒಂದು ಆಜ್ಞೆ ಅರ್ಧಕ್ಕೆ ನಿಂತಾಗ ಎಲ್ಲಿದ್ದೇವೆ ಎಂದು ಗೊತ್ತಾಗಬೇಕಲ್ಲ.

ಬ್ಯಾಕಪ್ ಮತ್ತು ಕ್ರಾನ್ (ನಿಗದಿತ ಹೊತ್ತಿಗೆ ತಾನಾಗಿ ಓಡುವ) ಕೆಲಸಗಳನ್ನು ಹೊಸ ಸರ್ವರ್‌ಗೆ ತಿರುಗಿಸಿ. ಯಾವ ಟೇಬಲ್‌ನಲ್ಲಿ ಎಷ್ಟು ಸತ್ತ (ಅಳಿಸಿದ ಅಥವಾ ಬದಲಾದ ಹಳೆಯ) ಸಾಲುಗಳಿವೆ ಎಂಬ ಲೆಕ್ಕ ರೆಪ್ಲಿಕೇಶನ್‌ನಲ್ಲಿ ಬಂದಿರುವುದಿಲ್ಲ, ಅವನ್ನು ತಾನಾಗಿ ಗುಡಿಸುವ ಆಟೋವ್ಯಾಕ್ಯೂಮ್ ಸೊನ್ನೆಯಿಂದ ಎಣಿಸುತ್ತದೆ. ಆ ರಾತ್ರಿಯೇ ದೊಡ್ಡ ಟೇಬಲ್‌ಗಳಿಗೆ ವ್ಯಾಕ್ಯೂಮ್ ಅನಲೈಸ್ ಕೊಟ್ಟುಬಿಡಿ. ಕೊನೆಯದಾಗಿ, ಹಳೆಯ ಸರ್ವರ್‌ನಲ್ಲಿ ಉಳಿದ ರೆಪ್ಲಿಕೇಶನ್ ಸ್ಲಾಟ್‌ಗಳನ್ನು, ಅಂದರೆ ಸ್ಟ್ಯಾಂಡ್‌ಬೈ ಎಲ್ಲಿಯವರೆಗೆ ವಾಲ್ ಪಡೆದಿದೆ ಎಂದು ನೆನಪಿಡುವ ಗುರುತುಗಳನ್ನು, ಹುಡುಕಿ. ಯಾರೂ ಬಳಸದ ಸ್ಲಾಟ್ ಇದ್ದರೂ ವಾಲ್ ಫೈಲ್‌ಗಳನ್ನು ಅದು ಅಳಿಸಲು ಬಿಡುವುದಿಲ್ಲ. ಆ ದಿನ ಏನೂ ಗೊತ್ತಾಗುವುದಿಲ್ಲ, ಕೆಲವು ದಿನ ಕಳೆದ ಮೇಲೆ ಡಿಸ್ಕ್ ತುಂಬುತ್ತದೆ. ಬೇಡದ್ದನ್ನು ಅವತ್ತೇ ತೆಗೆದುಹಾಕಿ.